ಒಂದೇ ವಿಷಯ, ನೂರೈವತ್ತು ಪದ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಎದುರಿನ ನನ್ನ ಟೈಪಿಂಗ್ ಅಂಗಡಿಗೆ
ಖಮರುನ್ನೀಸಾ ಬಂದದ್ದು ಮಧ್ಯಾಹ್ನ ಎರಡೂವರೆಗೆ.
ನಾಲ್ಕು ಬೇಸಿನ್ನಿನ ಯಜಮಾನಿ.
ಬಿಸಿನೀರಿಗೆ ಬೆಂದು ಬೆರಳ ತುದಿಗಳು
ರೇಷನ್ ಅಂಗಡಿಯ ಯಂತ್ರಕ್ಕೂ ಗುರುತು ಸಿಗದಷ್ಟು ಬಿಳಿಚಿವೆ.
"ಬರಿ ಅಮ್ಮಾ, ಸರ್ಕಾರಕ್ಕೆ ಒಂದು ಮಾತು ಕೇಳೋದಿದೆ."

ಬೆಳಿಗ್ಗೆ ಹರಾಜಿನಲ್ಲಿ ಅವಳು ಮೊಬೈಲಿನಲ್ಲಿ ಒತ್ತಿದ ಬೆಲೆ
ಪರದೆಯ ಮೇಲೆ ಸುತ್ತುತ್ತಲೇ ಇತ್ತಂತೆ,
ಹಣ್ಣಾದ ಹುಳ ತಲೆಯೆತ್ತಿ ಎಳೆ ಸುತ್ತಿಕೊಳ್ಳುವ ಹಾಗೆ.
ಅಷ್ಟರಲ್ಲಿ ಆ ಲಾಟು
ಅವಳದಕ್ಕಿಂತ ಎರಡು ರೂಪಾಯಿ ಕಮ್ಮಿಗೆ ಇನ್ನೊಬ್ಬರ ಪಾಲು.
"ನಾನು ಒತ್ತಿದ್ದು ಎಲ್ಲಿಗೆ ಹೋಯ್ತು? ಒಳಗೆ ಕೂತು ಲೆಕ್ಕ ಹಾಕೋದು ಯಾರು?
ತೂಕದ ಕಲ್ಲಾದರೆ ತಿರುಗಿಸಿ ಮುದ್ರೆ ನೋಡಬಹುದು.
ಇದನ್ನ ಎಲ್ಲಿ ತಿರುಗಿಸಲಿ?"

ನನಗೆ ಸ್ವಲ್ಪ ಗೊತ್ತಿತ್ತು.
ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ತಂತ್ರಾಂಶಕ್ಕೇ ಮೊದಲ ಮಣೆ
ಎಂದು ಸರ್ಕಾರವೇ ಬರೆದುಕೊಂಡ ನೀತಿಯಿದೆ.
ಮಣೆ ಹಾಕಿದ್ದಾರೆ.
ಅದರ ಮೇಲೆ ಕೂತದ್ದು ಯಾರೆಂದು ಕೇಳಿದವರಿಲ್ಲ.

ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು. ಕಲಂ ಆರು, ಉಪಕಲಂ ಒಂದು.
ಒಂದು ಅರ್ಜಿಗೆ ಒಂದೇ ವಿಷಯ, ನೂರೈವತ್ತು ಪದ ಮೀರುವಂತಿಲ್ಲ.
ಅವಳು ಹೇಳಿದ್ದನ್ನೆಲ್ಲ ಹೊಡೆದಾಗ ಆದದ್ದು ಮುನ್ನೂರ ಹನ್ನೊಂದು.

ಮೊದಲು ಗಂಡ ಹೋದ.
ಅವನ ಲೈಸೆನ್ಸು ಅವಳ ಹೆಸರಿಗಾಗಲು ಹಿಡಿದ ಎರಡು ವರ್ಷವೂ
ಅವನ ಹಿಂದೆಯೇ ಹೋಯಿತು, ಅದು ಬೇರೆ ವಿಷಯವಂತೆ.
ಮೂರು ಕಡೆ ದಯವಿಟ್ಟು ತೆಗೆದೆ.
"ಅಲ್ಲಾ ನೋಡ್ಕೊಳ್ತಾನೆ" ಎಂಬುದನ್ನು ಅವಳೇ ತೆಗೆಸಿದಳು,
"ಅವನಿಗೆ ಅರ್ಜಿ ಬೇಕಿಲ್ಲ."

ಉಳಿದದ್ದಕ್ಕೆ ವ್ಯಾಕರಣ ನೆರವಿಗೆ ಬಂತು.
ಕನ್ನಡದ ಪುಣ್ಯ, ಎರಡು ಪದ ಒತ್ತಿದರೆ ಒಂದಾಗುತ್ತದೆ.
ಹೈಸ್ಕೂಲಿನಲ್ಲಿ ಉರು ಹೊಡೆದ ಲೋಪ, ಆಗಮ, ಆದೇಶ
ಇಷ್ಟು ವರ್ಷಕ್ಕೆ ಕೆಲಸಕ್ಕೆ ಬಂದವು.
ಎದುರಿನ ಕಚೇರಿಗೂ ಬರುವುದು ಇವೇ ಮೂರು,
ಕ್ರಮ ಮಾತ್ರ ಬೇರೆ:
ಮೊದಲು ಆದೇಶ, ಆಮೇಲೆ ಲೋಪ, ಆಗಮ ಯಾವಾಗಲೂ ನಾಳೆ.

ಹರಾಜಿನ ತಂತ್ರಾಂಶ ಬರೆದವರಾರು, ಕೊಟ್ಟ ಹಣವೆಷ್ಟು,
ಮುಕ್ತವಾದದ್ದನ್ನು ಬಿಟ್ಟಿದ್ದರೆ ಬಿಟ್ಟ ಕಾರಣದ ಟಿಪ್ಪಣಿ,
ಗೆದ್ದ ಬೆಲೆಯನ್ನು ಆರಿಸುವ ನಿಯಮದ ಪ್ರತಿ.
ನೂರನಲವತ್ತೊಂಬತ್ತಕ್ಕೆ ನಿಂತಿತು.
ಉಳಿದ ಒಂದು ಪದ ಏನು ಮಾಡಲಿ ಎಂದೆ.
"ಇರಲಿ, ಅವರಿಗೆ ಉಸಿರಾಡೋಕೆ."

ಪ್ರಿಂಟು ಕೊಡುವಾಗ ಪರದೆಯ ಮೂಲೆಯಲ್ಲಿ ಎಂದಿನ ಬೂದು ಅಕ್ಷರ:
ಈ ಪ್ರತಿ ಅಸಲಿಯಲ್ಲ.
ಚಿಂತಾಮಣಿಯ ಹುಡುಗನೊಬ್ಬ ಇನ್ನೂರಕ್ಕೆ ಹಾಕಿಕೊಟ್ಟ ವಿಂಡೋಸು.
ಸರ್ಕಾರದ ಲೆಕ್ಕ ಕೇಳುವ ಕಾಗದ
ನನ್ನ ಕದ್ದ ಯಂತ್ರದಿಂದ ಬೆಚ್ಚಗೆ ಹೊರಬಂತು.
ಅವಳಿಗೆ ಹೇಳಲಿಲ್ಲ.
ದುಡ್ಡನ್ನೂ ತಗೊಳ್ಳಲಿಲ್ಲ.

ಇಪ್ಪತ್ತೊಂಬತ್ತನೆಯ ದಿನ ಉತ್ತರ.
ಬರೆದವರು ಯಾರೆಂಬುದು ಮೂರನೇ ವ್ಯಕ್ತಿಯ ವ್ಯಾಪಾರದ ಗುಟ್ಟು.
ಹಣದ ಪ್ರಶ್ನೆ ಬೆಂಗಳೂರಿಗೆ ವರ್ಗ.
ಟಿಪ್ಪಣಿ ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.
ನಿಯಮದ ಪ್ರತಿ ಮಾತ್ರ ಲಗತ್ತಿಸಿದೆ, ಎರಡು ರೂಪಾಯಿ, ಒಂದು ಹಾಳೆ,
ನುಡಿಯಲ್ಲಿ ಬರೆದು ಇನ್ನೆಲ್ಲೋ ತೆರೆದು
ಕನ್ನಡವೆಲ್ಲ ಪೌಂಡು, ಕೊಂಬು, ಒಡಕು ಇಂಗ್ಲಿಷು.

ಯಾರಿಗೂ ಓದಲು ಬರಬಾರದು ಅಂದುಕೊಂಡಿದ್ದರೋ ಏನೋ.
ಹತ್ತೊಂಬತ್ತು ವರ್ಷ ಇದೇ ಕೀಲಿಮಣೆ ಕುಟ್ಟಿದವಳು ನಾನು.
ಪಿ ಕಂಡರೆ ಕ, ಯು ಕಂಡರೆ ಗ, ಪೌಂಡು ಕಂಡರೆ ನ.
ಬೆರಳಿಟ್ಟು ಗಟ್ಟಿಯಾಗಿ ಓದಿದೆ:
ಸರ್ವರಿಗೆ ತಲುಪಿದ ಬೆಲೆಯನ್ನು ಮಾತ್ರ ಬೆಲೆಯೆಂದು ತಿಳಿಯತಕ್ಕದ್ದು.

"ತಲುಪಿದ್ದನ್ನ ನೋಡಿದ್ದು ಯಾರು?" ಎಂದಳು ಖಮರುನ್ನೀಸಾ.
ಹಾಳೆಯನ್ನು ಗೂಡಿನ ಹಾಗೆ ಎರಡು ಬೆರಳಲ್ಲಿ ಅದುಮಿ ನೋಡಿದಳು.
"ಗಟ್ಟಿ ಇದೆ. ಇನ್ನೂ ಸ್ವಲ್ಪ ಬೇಯಬೇಕು, ಆಮೇಲೆ ಎಳೆ ಸಿಗ್ತದೆ."

ನಿಯಮದ ಪುಸ್ತಕ ತಿರುವಿ ಹಾಕಿದೆ.
ಮೇಲ್ಮನವಿಗೆ ಪದದ ಮಿತಿ ಎಲ್ಲೂ ಹೇಳಿಲ್ಲ.
ಹೊಸ ಪುಟ ತೆರೆದೆ.
ಮೊದಲ ಸಾಲಿಗೇ
ಗಂಡ ವಾಪಸು ಬಂದ.