ಎಪ್ಪತ್ತೈದು ಮಿಲಿಮೀಟರ್

ಸಿತ್ರಾದ ಹಳೆ ಜೆಟ್ಟಿಯ ಅಡಿಗೆ, ಇಳಿತದ ಹೊತ್ತು ನೋಡಿ
ದೋಣಿಯಲ್ಲಿ ಬಗ್ಗಿ ನುಸುಳುತ್ತೇವೆ, ನಾನು ಮತ್ತು ಉಮರಬ್ಬ.
ನನ್ನ ಕೈಯಲ್ಲಿ ಮೀಟರು,
ಅವನ ಕೈಯಲ್ಲಿ ಅರ್ಧ ಕಿಲೋ ಸುತ್ತಿಗೆ.

ಟಣ್. ಟಣ್. ಟಣ್. ಗಟ್ಟಿ, ಮುಂದೆ ಹೋಗು.
ಟಣ್. ಡಬ್.
ಕಣ್ಣು ಮುಚ್ಚಿ ಇನ್ನೊಮ್ಮೆ. ಡಬ್.
'ಹಣ್ಣಾಗಿದೆ' ಅನ್ನುತ್ತಾನೆ
ಹಲಸಿನಕಾಯಿ ತಟ್ಟಿ ನೋಡಿದವನ ಹಾಗೆ.
ನಾನು ಸೀಮೆಸುಣ್ಣದಲ್ಲಿ ಸುತ್ತು ಹಾಕುತ್ತೇನೆ.
ಮೀಟರಿನ ಮುಳ್ಳು ಆಮೇಲೆ, ನಿಧಾನವಾಗಿ,
ಅವನ ಮಾತಿಗೆ ತಲೆದೂಗುತ್ತದೆ.

ಒಡೆದರೆ ಒಳಗೆ ಕಬ್ಬಿಣ
ಪದರು ಪದರಾಗಿ ಊದಿ, ಬೆಲ್ಲದ ಬಣ್ಣ,
ಬೆರಳು ಸೋಕಿದರೆ ಉದುರು.
ಉಪ್ಪು ತಿಂದವ ನೀರು ಕುಡಿಯಲೇಬೇಕಂತೆ.
ಇದು ಎರಡನ್ನೂ ಮಾಡಿದೆ,
ಮೂವತ್ತು ವರ್ಷ, ಯಾರಿಗೂ ಹೇಳದೆ.

ನಕ್ಷೆಯ ಪ್ರಕಾರ ಕಂಬಿಯ ಮೇಲೆ ಹೊದಿಕೆ ಎಪ್ಪತ್ತೈದು.
ಇಲ್ಲಿ ಅಳೆದರೆ ಮೂವತ್ತೆಂಟು.
ಯಾರದೋ ಒಂದು ಗುರುವಾರ ಸಂಜೆ,
ನಾಳೆ ರಜೆ, ಬಸ್ಸು ಹಾರ್ನ್ ಹಾಕುತ್ತಿದೆ,
ಕವರ್ ಬ್ಲಾಕು ಒಂದು ಸಾಲು ಬಿಟ್ಟುಹೋಗಿದೆ.
ಬೈಯೋಣವೆಂದರೆ ಆ ಮುಖ ಯಾವುದೋ.

ಉಮರಬ್ಬನ ನಡುಬೆರಳು ಮೊದಲು
ಸರಿಯಾಗಿ ಎಪ್ಪತ್ತೈದಿತ್ತಂತೆ, ಟೇಪು ಬೇಕಿರಲಿಲ್ಲವಂತೆ.
ಕಂಬಿ ಬಗ್ಗಿಸುವ ಮೆಷಿನ್ನು ತುದಿ ತಿಂದ ಮೇಲೆ ಐವತ್ತು.
'ಒಳಗಿನ ಚಪ್ಪಡಿಗೆ ಸಾಕು ಬಿಡಿ' ಎಂದು ನಗುತ್ತಾನೆ.
ನನಗೆ ನಗು ಬರುವುದಿಲ್ಲ.

ತೇಪೆಗೆ ಮೊದಲು ಕಂಬಿಗೆ ಸತುವಿನ ಬಿಲ್ಲೆ ಕಟ್ಟಬೇಕು.
ಕಬ್ಬಿಣದ ಬದಲು ತಾನು ಸವೆಯಲೆಂದೇ ಅದು.
'ನಮ್ಮ ಹಾಗೇ' ಎಂದೆ ಒಮ್ಮೆ, ಗಂಟಲು ತುಂಬಿ.
ತಂತಿ ತಿರುಚುತ್ತಿದ್ದವ ತಲೆಯೆತ್ತಲಿಲ್ಲ:
'ಸಾರ್, ಸತುವಿಗೆ ಓವರ್‌ಟೈಮ್ ಇಲ್ಲ.'

ರಾತ್ರಿ ಹನ್ನೊಂದಾದರೂ ಗಾಳಿ ಒಲೆಯ ಬಾಯಿಯಂತೆ.
ಕಾಂಕ್ರೀಟು ಬರುವ ಮುನ್ನ ಹೊಸ ಕಂಬಿಗಳಿಗೆ ಸ್ನಾನ,
ಹಗಲೆಲ್ಲ ಕೂತ ಉಪ್ಪಿನ ಧೂಳು ಹೋಗಬೇಕು.
ಟ್ಯಾಂಕರಿನ ಸಿಹಿನೀರು, ಲ್ಯಾಬಿನ ಚೀಟಿ ಸಮೇತ.
ಕ್ಯಾಂಪಿನ ನಲ್ಲಿಯಲ್ಲಿ ಬರುವುದು ಸವಳು.

ಉಮರಬ್ಬ ಸಾಲು ಸಾಲಾಗಿ ತೊಳೆಯುತ್ತಾನೆ,
ಕೂಸಿನ ಕಂಕುಳ ತೊಳೆದ ಹಾಗೆ, ಗಂಟು ಗಂಟಿನ ಸಂದಿಯಲ್ಲಿ.
ಕೊನೆಯ ಮೂಲೆ ಮುಗಿದ ಮೇಲೆ
ಅತ್ತಿತ್ತ ನೋಡಿ
ಪೈಪನ್ನು ತನ್ನ ನೆತ್ತಿಗೆ ತಿರುಗಿಸುತ್ತಾನೆ.

ನಾನು ವಹಿಯಲ್ಲಿ ಬರೆಯುತ್ತೇನೆ:
ತೊಳೆದಾಯಿತು. ಉಪ್ಪು ಇಲ್ಲ.
ಆಚೆ ಮಿಕ್ಸರ್ ಲಾರಿ ಬೀಪ್ ಬೀಪ್ ಎಂದು ಹಿಂದೆ ಬರುತ್ತಿದೆ,
ಹೊಟ್ಟೆಯಲ್ಲಿ ಮಂಜುಗಡ್ಡೆ ಕರಗಿಸಿಕೊಂಡು.