ಅರವತ್ತಮೂರನೇ ನಂಬರು

ತಿಂಗಳ ಮೊದಲ ಶುಕ್ರವಾರ ಒಂದು ತುಣುಕು ಬರುತ್ತದೆ:
ಎರಡು ನಿಮಿಷ ಹತ್ತು ಸೆಕೆಂಡು,
ಡ್ರಮ್ಮು, ಬೇಸು, ಹಿಂದೆಲ್ಲೋ ಒಂದು ಆರ್ಗನ್ನು.
ನಡುವೆ ಬೇಕೆಂದೇ ಬಿಟ್ಟ ಜಾಗ.
ಅಲ್ಲಿಗೆ ಗಿಟಾರು ತುಂಬಿ
ಇಪ್ಪತ್ತರೊಳಗೆ ವಾಪಸು ಕಳಿಸಬೇಕು.
ಬ್ರೆಜಿಲಿನವನಿಗೂ ಅದೇ ತುಣುಕು, ಪೋಲೆಂಡಿನವಳಿಗೂ ಅದೇ,
ಬಳ್ಳಾರಿ ಕೌಲ್‌ಬಜಾರಿನ ಎರ್ರಿಸ್ವಾಮಿಗೂ ಅದೇ.

ನನಗಿದು ಹೊಸದಲ್ಲ.
ನಮ್ಮ ಶೆಡ್ಡಿನಲ್ಲೂ ಕಟಿಂಗ್ ಮಾಸ್ತರು ಮಲ್ಲಿಕ್ ಸಾಬರು
ಒಂದೇ ಅಳತೆಗೆ ಇನ್ನೂರು ಪ್ಯಾಂಟು ಕತ್ತರಿಸಿ
ಗಂಟು ಕಟ್ಟಿ ಎಸೆಯುತ್ತಾರೆ.
ಬಟ್ಟೆ ಒಂದೇ, ದಾರ ಒಂದೇ.
ಆದರೂ ಹಿಂಜೇಬಿನ ತಿರುವು ನೋಡಿ
ಯಾರ ಕೈಯೆಂದು ಹೇಳಬಲ್ಲೆ.
ಹೊನ್ನೂರಪ್ಪನದು ಅವಸರ.
ಶೇಕಮ್ಮನದು ಮೂಲೆಯಲ್ಲೊಂದು ಹೆಚ್ಚಿನ ಹೊಲಿಗೆ,
ಯಾರೂ ಕೇಳದಿದ್ದರೂ.

ಅರ್ಜಿಯಲ್ಲಿ ಒಂದೇ ಕಷ್ಟದ ಪ್ರಶ್ನೆ:
ಗಿಟಾರಿನಿಂದ ಎಂದಾದರೂ ದುಡ್ಡು ಗಳಿಸಿದ್ದೀರಾ?
ಹೌದಾದರೆ ವೃತ್ತಿಪರ, ಇಲ್ಲವಾದರೆ ಹವ್ಯಾಸಿ.
ಸಿರುಗುಪ್ಪದ ಮದುವೆಯೊಂದರಲ್ಲಿ
ಬ್ಯಾಂಡಿನ ಹುಡುಗನಿಗೆ ಜ್ವರ ಬಂದು
ನಾಲ್ಕು ಹಾಡಿಗೆ ನಾನು ನಿಂತಿದ್ದೆ.
ಮುನ್ನೂರು ರೂಪಾಯಿ, ಒಂದು ಟವೆಲು, ಊಟ.
ಬೆರಳು ಎರಡು ಚೌಕಗಳ ಮೇಲೆ ಬಹಳ ಹೊತ್ತು ತೂಗಾಡಿತು.
ಪ್ಯಾಂಟಿಗೆ ಹದಿನಾಲ್ಕು ರೂಪಾಯಿಯಂತೆ
ಹನ್ನೊಂದು ವರ್ಷ ಹೊಲಿದವನು
ಯಾವುದರಲ್ಲಿ ಹವ್ಯಾಸಿ?
ಟವೆಲನ್ನು ಲೆಕ್ಕಕ್ಕೆ ಹಿಡಿಯದೆ ಒತ್ತಿಬಿಟ್ಟೆ.

ಹೇಗಿದ್ದರೂ ಎಲ್ಲರನ್ನೂ ಒಂದೇ ರಾಶಿಗೆ ಸುರಿಯುತ್ತಾರೆ,
ಹೆಸರು ಕಿತ್ತು ನಂಬರು ಅಂಟಿಸುತ್ತಾರೆ.
ತೀರ್ಪು ಕೊಡುವ ಮೂವರಿಗೆ ಊರು ತಿಳಿಯದು,
ಗಿಟಾರಿನ ಬೆಲೆಯೂ ತಿಳಿಯದು.
ನಾವೂ ಕೇಳಿ ಅಂಕ ಹಾಕಬೇಕು, ತಂತಮ್ಮದೊಂದು ಬಿಟ್ಟು.

ರಾತ್ರಿ ಹನ್ನೊಂದಕ್ಕೆ ಮಷೀನುಗಳು ನಿಂತ ಮೇಲೆ
ಡೆನಿಮ್ ಗಂಟುಗಳ ನಡುವೆ ಕೂರುತ್ತೇನೆ.
ಅಷ್ಟು ಬಟ್ಟೆ ಸದ್ದನ್ನು ನುಂಗುತ್ತದೆ.
ಫ್ಯಾನು ಹಾಕಿದರೆ ಗುಂಯ್ ಅನ್ನುತ್ತದೆ,
ಆರಿಸಿದರೆ ತಂತಿಯೂ ಬೆವರುತ್ತದೆ.
ಎಷ್ಟು ತಿಕ್ಕಿದರೂ ಹೋಗದ ಬೆರಳಿನ ನೀಲಿ
ಫ್ರೆಟ್ಟುಗಳ ನಡುವೆ ಗುರುತು ಬಿಡುತ್ತದೆ.
ಹದಿನೇಳು ಸಲ ತಪ್ಪಿದೆ.
ಹದಿನೆಂಟನೆಯದು ಬಂತು, ಕೊನೆಯ ಸ್ವರ ಎಳೆದು ಹಿಡಿದಿದ್ದೆ,
ಅಷ್ಟರಲ್ಲಿ ಅದಿರಿನ ಗೂಡ್ಸು ಗೇಟಿನ ಹತ್ತಿರ
ಉದ್ದಕ್ಕೆ ಒಮ್ಮೆ, ಮೊಟಕಾಗಿ ಎರಡು ಸಲ.
ಮುಂದಿನ ಸಲಕ್ಕೆ ಕೈ ಎತ್ತುವಷ್ಟರಲ್ಲಿ ಕರೆಂಟು ಹೋಯಿತು.
ಅದನ್ನೇ ಕಳಿಸಿದೆ.

ಅಂಕ ಹಾಕುವ ವಾರ ಇಸ್ತ್ರಿ ಮೇಜಿನ ಪಾಳಿ ಕೇಳಿ ಪಡೆದೆ.
ಕಿವಿಯಲ್ಲಿ ತೊಂಬತ್ತಾರು ಸಲ ಅದೇ ಡ್ರಮ್ಮು.
ಒಬ್ಬ ಮಿಂಚಿನ ಹಾಗೆ ಓಡುತ್ತಾನೆ, ಎಲ್ಲಿಗೂ ಮುಟ್ಟುವುದಿಲ್ಲ.
ಇನ್ಯಾರೋ ಮೂರೇ ಸ್ವರಗಳಲ್ಲಿ ಕೂತುಬಿಟ್ಟಿದ್ದರು,
ಇಸ್ತ್ರಿ ಎತ್ತುವುದನ್ನೇ ಮರೆತು ಒಂದು ಮೊಣಕಾಲು ಸುಟ್ಟೆ.

ಅರವತ್ತಮೂರನೆಯದು ಹೇಳಿಕೊಳ್ಳುವಂಥದ್ದಲ್ಲ.
ತಡವರಿಸುವ ಕೈ, ತಾಳಕ್ಕಿಂತ ಒಂದು ಉಸಿರು ಹಿಂದೆ.
ನಡುವೆ ಒಂದು ಬಿಡುವು ಬಿಟ್ಟಿತ್ತು.
ಆ ಬಿಡುವಿನಲ್ಲಿ, ಬಹಳ ದೂರದಿಂದ,
ಉದ್ದಕ್ಕೆ ಒಮ್ಮೆ, ಮೊಟಕಾಗಿ ಎರಡು ಸಲ.

ಮತ್ತೆ ಹಾಕಿದೆ. ಮತ್ತೆ.
ನನ್ನದನ್ನು ಪಕ್ಕಕ್ಕಿಟ್ಟು ಕೇಳಿದೆ.
ನನ್ನಲ್ಲಿ ಅದು ಕಿವಿಯ ಬುಡದಲ್ಲಿ,
ಅಲ್ಲಿ ಗುಡ್ಡದ ಆಚೆಗೆ.
ಕೋಟೆ ಕಡೆಯೋ, ಗಾಂಧಿನಗರದ ಯಾವುದೋ ಮಹಡಿಯೋ?
ಹತ್ತಕ್ಕೆ ಎಂಟು ಕೊಟ್ಟೆ. ಅದರಲ್ಲಿ ಎರಡು ರೈಲಿಗೆ.

ತೀರ್ಪು: ನಾನು ಐವತ್ತೆಂಟು, ಅದು ಎಂಬತ್ತೊಂದು.
ಇಬ್ಬರಿಗೂ ಒಂದೇ ಷರಾ:
ಹಿನ್ನೆಲೆಯಲ್ಲಿ ಸದ್ದು, ಎರಡು ಅಂಕ ಕಡಿತ.
ಆಮೇಲೆ ಹೆಸರು ಬಿಚ್ಚಿದರು.
ಅರವತ್ತಮೂರರ ಎದುರು ಬರೀ ಎರಡಕ್ಷರ,
ಊರಿನ ಜಾಗ ಖಾಲಿ,
ಪಕ್ಕದಲ್ಲಿ: ವೃತ್ತಿಪರ.
ಯಾವ ಮದುವೆಯ ಟವೆಲನ್ನು
ಆ ಕೈ ಲೆಕ್ಕಕ್ಕೆ ಹಿಡಿದಿತ್ತೋ.

ಇವತ್ತು ಹೊಸ ತುಣುಕು ಬಂದಿದೆ.
"ಕಿಟಕಿ ಹಾಕ್ಕೊಂಡು ಬಾರ್ಸಪ್ಪ, ಮಾರ್ಕ್ಸು ಉಳೀತಾವೆ"
ಅನ್ನುತ್ತ ಶೇಕಮ್ಮ ಚಪ್ಪಲಿ ಮೆಟ್ಟಿ ಹೊರಟಳು.
ಚೌಕ ಇನ್ನೂ ಒತ್ತಿಲ್ಲ.
ಕಿಟಕಿ ತೆರೆದೇ ಇದೆ.
ಗೂಡ್ಸು ಇವತ್ತು ತಡ.