ಹೇಗೆ ಎಂದು ಕೇಳಿದ ಚಳಿಗಾಲ

ಮೀನು ಹರಾಜಿನ ಕಟ್ಟೆಯ ಮೇಲಂತಸ್ತಿನಲ್ಲಿ ನಮ್ಮ ಸಂಜೆ ತರಗತಿ.
ಕಿಟಕಿ ತೆರೆದರೆ ಡೀಸೆಲ್ಲು, ಮುಚ್ಚಿದರೆ ಬಂಗುಡೆ.
ಒಂದಾರೋವಾದ ಈ ಬಂದರಿನಲ್ಲಿ
ಹತ್ತೊಂಬತ್ತು ವರ್ಷ ಬಾಸ್ಕ್ ಕಲಿಸಿದೆ.
ಏನು ಕಲಿತಿರಿ ಎಂದು ಸಾವಿರ ಸಲ ಕೇಳಿದ್ದೇನೆ;
ಹೇಗೆ ಎಂದು ಕೇಳಿದ್ದು ಈ ಚಳಿಗಾಲವೇ ಮೊದಲು.

ಎವಾರಿಸ್ತೊ ತಕ್ಷಣ ನೋಟ್‌ಬುಕ್ಕು ಬಿಚ್ಚಿದ:
ಒಂದೊಂದು ಪದ ಇಪ್ಪತ್ತು ಸಲ, ಗೆರೆ ತಪ್ಪದೆ.
"ನೆನಪಿದೆಯೇ?"
"ಇಲ್ಲ. ಬರೆದಿದ್ದೇನಲ್ಲ."
ಅವನಿಗೆ ಎಪ್ಪತ್ತೊಂದು. ಅಮ್ಮ ಅವನನ್ನು ತೂಗಿದ್ದು ಇದೇ ಮಾತಿನಲ್ಲಿ;
ಅದನ್ನಾಡಿದ್ದಕ್ಕೆ ಶಾಲೆಯಲ್ಲಿ ಅಂಗೈಗೆ ಏಟು.

ನಿಕರಾಗುವಾದ ಗ್ರಾಸಿಯೆಲಾ, ಮುದುಕಿಯೊಬ್ಬಳನ್ನು ನೋಡಿಕೊಳ್ಳುವವಳು,
"ಬೈಗುಳದಿಂದ" ಎಂದಳು.
"ಅಜ್ಜಿ ಬೈದದ್ದನ್ನು ಪಾತ್ರೆ ತೊಳೆಯುತ್ತ
ಅವಳ ದನಿಯಲ್ಲೇ ನನಗೆ ನಾನು ಬೈದುಕೊಳ್ಳುತ್ತೇನೆ.
ಅದಕ್ಕೇ ನನ್ನ ವ್ಯಾಕರಣಕ್ಕೆ ಮೂಗಿನ ತುದಿಯಲ್ಲಿ ಕೋಪ."

ಅಲಸಾನ್ ಮಾತ್ರ ನೆಲ ನೋಡಿದ.
"ನನಗೆ ಕಲಿಯಲು ಬರುವುದಿಲ್ಲ."
ವೊಲೊಫ್, ಸೆರೇರ್, ಫ್ರೆಂಚ್, ಪ್ರಾರ್ಥನೆಗಾಗುವಷ್ಟು ಅರಬ್ಬಿ,
ದೋಣಿಯ ಮೇಲಿನ ಸ್ಪ್ಯಾನಿಷ್:
ಬೆರಳು ಮಡಿಚಿ ಎಣಿಸಿದವಳು ನಾನು, ಅವನಲ್ಲ.

ಪರದೆಯ ಹಗ್ಗ ಬಿಚ್ಚಿ ಕೊಟ್ಟೆ. ಕೊರಪಿಲೊ, ಗಂಟು.
ಕಣ್ಣು ಮಿಟುಕಿಸುವುದರಲ್ಲಿ ಕಟ್ಟಿದ.
"ಹೇಗೆ?"
ಹೇಳಹೊರಟ, ಹಗ್ಗ ಜಾರಿತು.
ಮತ್ತೆ ಹೇಳಹೊರಟ, ಮತ್ತೆ ಜಾರಿತು. ಎಲ್ಲರೂ ನಕ್ಕರು.
ಮೂರನೆಯ ಸಲ ನಿಧಾನ,
ತನ್ನ ಕೈ ಇನ್ನೊಬ್ಬರ ಕೈ ಎಂಬಂತೆ ನೋಡುತ್ತ:
"ಮಾವ ಕಲಿಸಲಿಲ್ಲ.
ನಾನು ತಪ್ಪು ಕಟ್ಟುತ್ತಿದ್ದೆ, ಅವನು ಬಿಚ್ಚುತ್ತಿದ್ದ.
ಬಿಚ್ಚುವುದನ್ನು ನೋಡಿ ಕಟ್ಟುವುದು ಬಂತು."

ಹೇಳಿದ ಮೇಲೆ ತಾನೇ ಬೆರಗಾಗಿ ಕೂತ.
ಆಮೇಲೆ ಎದ್ದು ಬೋರ್ಡಿಗೆ ಬಂದ,
ಎಲ್ಲರೂ ಎಡವುವ ಆ ವಾಕ್ಯದ ಬಳಿ.
ಹೆಸರಿನ ಬಾಲದ 'ಕ್' ಅಳಿಸಿದ, ಹಚ್ಚಿದ,
ಪಕ್ಕದ ಪದಕ್ಕೆ ಹಚ್ಚಿ ನೋಡಿದ, ಅಳಿಸಿದ.
"ಬಲೆ ಎಳೆಯುವವನಿಗೆ ಕ್. ಬಲೆಗಿಲ್ಲ."
"ಮಲಗಿದವನಿಗೆ?" ಗ್ರಾಸಿಯೆಲಾ ಬಿಡಲಿಲ್ಲ.
ಯೋಚಿಸಿದ. "ಅವನೂ ಬಲೆಯ ಹಾಗೇ. ಇಲ್ಲ."
ನಾಲ್ಕು ಪುಟದ ನನ್ನ ವಿಭಕ್ತಿ ಪಾಠ
ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು.

ಎವಾರಿಸ್ತೊ ಈಗಲೂ ಇಪ್ಪತ್ತು ಸಲ ಬರೆಯುತ್ತಾನೆ.
ಹೋದ ವಾರ ಪುಟ ತಿರುವುವಾಗ ಕಂಡೆ:
ಏಳನೆಯ ಸಾಲಿನ ಪಕ್ಕ, ಅಂಚಿನಲ್ಲಿ, ಪೆನ್ಸಿಲಿನಲ್ಲಿ,
'ಇಲ್ಲಿಂದ ಮುಂದೆ ನನಗೆ ಕೇಳಿಸುತ್ತಿಲ್ಲ.'
ಬಾಸ್ಕಿನಲ್ಲೇ ಬರೆದಿದ್ದ. ಒಂದು ಕ್ ಬಿಟ್ಟುಹೋಗಿತ್ತು.
ಕೆಂಪು ಪೆನ್ನು ನನ್ನ ಜೇಬಿನಲ್ಲೇ ಇತ್ತು.